ಅಲಂಕಾರದ ಚಿತ್ರ

ನನ್ನ ಗಂಡನಿಗೆ ಆಫೀಸಿನಲ್ಲಿ ಸ್ಪ್ಯಾನರ್ ಎಂದು ಅಡ್ಡಹೆಸರು. ಯಾರ ಕೆಲಸದಲ್ಲಿ ಯಾವ ತಿರುಪು ಸಡಿಲವಾದರೂ ಅದಕ್ಕೆ ಸರಿಹೊಂದುವ ಸಲಕರಣೆ ಇವರ ಹತ್ತಿರ ಇದ್ದೇ ಇರುತ್ತದೆ. ಇವರದು ವೆಬ್‌ಸೈಟ್ ಕಟ್ಟುವ ಕೆಲಸ. ಆಫೀಸು ಬಸ್ ಡಿಪೋ ಎದುರಿನ ಕಟ್ಟಡದ ಮೇಲಿನ ಮಹಡಿಯಲ್ಲಿದೆ. ಅಂಗಡಿ, ಶಾಲೆ, ಕ್ಲಿನಿಕ್ಕುಗಳೇ ಗಿರಾಕಿಗಳು. ಫೋಟೋ ಭಾರವಾಗಿ ಪುಟ ತೆರೆಯುತ್ತಿಲ್ಲವೇ? ಫೋಟೋ ಹಿಂಡಿ ಹಗುರ ಮಾಡುವ ಸಲಕರಣೆ ಇದೆ. ಹಿನ್ನೆಲೆಯ ಬಣ್ಣಕ್ಕೂ ಅಕ್ಷರದ ಬಣ್ಣಕ್ಕೂ ಕೂಡಿಬರುತ್ತಿಲ್ಲವೇ? ಜೋಡಿ ಹುಡುಕಿ ಕೊಡುವುದು ಇನ್ನೊಂದಿದೆ. ಒತ್ತಿದರೆ ತೆರೆಯದ ಸತ್ತ ಕೊಂಡಿಗಳನ್ನು ಹೆಕ್ಕುವುದು, ತಪ್ಪು ಬಿದ್ದ ಕೋಡನ್ನು ಬಾಚಿ ನೇರ ಮಾಡುವುದು, ಒಂದೇ ಪುಟ ಸಣ್ಣ ಫೋನಿನಲ್ಲಿ ಹೇಗೆ ಕಾಣುತ್ತದೆ, ದೊಡ್ಡ ಪರದೆಯಲ್ಲಿ ಹೇಗೆ ಕಾಣುತ್ತದೆ ಎಂದು ತೋರಿಸುವುದು, ಎಲ್ಲಕ್ಕೂ ಒಂದೊಂದು.

ಇವನ್ನೆಲ್ಲ ಒಟ್ಟು ಹಾಕಿ ಇವರು ತಮ್ಮದೇ ಒಂದು ಪುಟ ನಡೆಸುತ್ತಾರೆ. ಹೆಸರು ‘ಸಲಕರಣೆ ಪೆಟ್ಟಿಗೆ’. ಪ್ರತಿ ಸಲಕರಣೆಯ ಕೆಳಗೂ ಇವರ ಎರಡು ಸಾಲಿನ ಟಿಪ್ಪಣಿ: ಇದನ್ನು ಹೇಗೆ ಬಳಸಬೇಕು, ಇದು ಎಲ್ಲಿ ಕೈಕೊಡುತ್ತದೆ, ಹಾಗೆ ಕೈಕೊಟ್ಟಾಗ ಏನು ಮಾಡಬೇಕು. ಈ ಕೆಲಸ ಕಲಿಯುವವರಿಗೆಲ್ಲ ಆ ಪುಟ ಗೊತ್ತು. ಗುರುತು ಪರಿಚಯ ಇಲ್ಲದವರು ಫೋನ್ ಮಾಡಿ, “ಸರ್, ನಿಮ್ಮ ಪೆಟ್ಟಿಗೆ ಇಲ್ದಿದ್ರೆ ನನ್ ಕತೆ ಮುಗೀತಿತ್ತು” ಅನ್ನುತ್ತಾರೆ. ಆಗ ಇವರ ಮುಖ ನೋಡಬೇಕು, ಬೇಡ ಬೇಡ ಅನ್ನುತ್ತಲೇ ಅರಳುತ್ತದೆ. ನಮ್ಮ ಅಡಿಗೆಮನೆಯ ನಲ್ಲಿ ಮಾತ್ರ ತೊಟ್ಟಿಕ್ಕುತ್ತಲೇ ಇದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನು ಆಗಾಗ ಛೇಡಿಸುತ್ತಿದ್ದೆ. ಆ ಗಾದೆ ಇಷ್ಟು ನಿಜವಾಗುತ್ತದೆ ಎಂದು ಗೊತ್ತಿದ್ದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆ.

ನಾನು ಕಾರು ಓಡಿಸಲು ಕಲಿಸುವವಳು. ನನ್ನ ಕಾರಿನಲ್ಲಿ ಕಲಿಯುವವರ ಕಾಲಿಗೆ ಒಂದು ಬ್ರೇಕು, ಪಕ್ಕದ ಸೀಟಿನಲ್ಲಿ ಕೂತ ನನ್ನ ಕಾಲಿಗೆ ಇನ್ನೊಂದು. ಕಲಿಯುವವರು ತಪ್ಪು ಮಾಡುವ ಮೊದಲೇ ನನ್ನ ಕಾಲು ಒತ್ತುತ್ತದೆ. ಮನೆಯಲ್ಲಿ ಅಂಥ ಬ್ರೇಕು ಇಲ್ಲ, ಅದಕ್ಕೇ ನನ್ನ ದನಿ ಸ್ವಲ್ಪ ಜೋರು. ಇಲ್ಲಿ ಹೇಳುವ ವಿಷಯದಲ್ಲಿ ನಾನು ಬ್ರೇಕು ಒತ್ತುವ ಹೊತ್ತಿಗೆ ಗಾಡಿ ಗೋಡೆಗೆ ಗುದ್ದಿ ಆಗಿತ್ತು.

ನಮ್ಮ ಮನೆಯಲ್ಲಿ ಮೂರನೆಯವರು ಅತ್ತಿಗೆ, ಇವರ ಅಕ್ಕ. ಇವರನ್ನು ಎತ್ತಿ ಆಡಿಸಿ, ಊಟ ಮಾಡಿಸಿ, ಓದಿಸಿ, ಕೊನೆಗೆ ನನ್ನನ್ನು ನೋಡಿ ಒಪ್ಪಿದವರೂ ಅವರೇ. ನೋಡಿ ಅಂದರೆ, ನನ್ನ ಕೈ ಹಿಡಿದು, ನಾಲ್ಕು ಮಾತಾಡಿಸಿ, “ಇವಳ ಬಾಯಿ ಜೋರು, ಮನಸ್ಸು ಚೆನ್ನಾಗಿದೆ. ನಿಂಗೆ ಇಂಥವಳೇ ಬೇಕು ಪುಟ್ಟ” ಎಂದಿದ್ದರು. ಅಷ್ಟು ಹೊತ್ತಿಗೆ ಅವರ ಕಣ್ಣು ಪೂರ್ತಿ ಹೋಗಿತ್ತು. ಹುಟ್ಟಿನಿಂದ ಹಾಗಿರಲಿಲ್ಲ. ಹರೆಯದಲ್ಲಿ ಅಂಚಿನಿಂದ ಮಸುಕಾಗುತ್ತಾ ಬಂದು, ಒಂದು ದಿನ ನಡುವೆಯೂ ಕತ್ತಲಾಯಿತಂತೆ. ಈಗ ಅವರು ಒಂದು ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಯಾವ ಡಾಕ್ಟರು ಯಾವ ಕೋಣೆಯಲ್ಲಿ, ಯಾರು ರಜೆ, ಯಾರು ಊಟಕ್ಕೆ ಹೋಗಿದ್ದಾರೆ, ಎಲ್ಲ ಬೆರಳ ತುದಿಯಲ್ಲಿ. ಡ್ಯೂಟಿ ಬದಲಾದರೆ ಆಸ್ಪತ್ರೆಯವರು ಮೊಬೈಲಿಗೆ ಸಂದೇಶ ಕಳಿಸುತ್ತಾರೆ. ಮೊಬೈಲಿನೊಳಗಿನ ದನಿ ಅದನ್ನು ಅತ್ತಿಗೆಗೆ ಓದಿ ಹೇಳುತ್ತದೆ. ಏರಿಳಿತವಿಲ್ಲದ ಹೆಂಗಸಿನ ದನಿ ಅದು. ಅತ್ತಿಗೆ ಅದಕ್ಕೆ ಗೊಣಗಮ್ಮ ಎಂದು ಹೆಸರಿಟ್ಟಿದ್ದಾರೆ.

ಆ ಗೊಣಗಮ್ಮನನ್ನು ಅಕ್ಕನ ಫೋನಿಗೆ ಹಾಕಿಕೊಟ್ಟವರು ನನ್ನ ಗಂಡನೇ. ಪಕ್ಕದಲ್ಲಿ ಕೂತು, ಒಂದು ಬೆರಳಲ್ಲಿ ಸವರಿದರೆ ಮುಂದಿನದು, ಎರಡು ಸಲ ತಟ್ಟಿದರೆ ತೆರೆಯುತ್ತದೆ ಎಂದು ವಾರಗಟ್ಟಲೆ ಕಲಿಸಿದವರೂ ಇವರೇ. ಇದನ್ನು ಮರೆಯಬೇಡಿ. ನಾನಂತೂ ಮರೆಯಲಾರೆ. ನನ್ನ ಸಿಟ್ಟೆಲ್ಲ ಇಲ್ಲಿಂದಲೇ ಶುರುವಾಗುವುದು.

ಆಸ್ಪತ್ರೆಗೆ ಹೊಸ ವೆಬ್‌ಸೈಟ್ ಬೇಕು ಎಂಬ ಸುದ್ದಿಯನ್ನು ಮನೆಗೆ ತಂದವರು ಅತ್ತಿಗೆ. ಅಲ್ಲಿನ ಮ್ಯಾನೇಜರಿಗೆ ಯಾವುದೋ ದೊಡ್ಡ ಕಂಪನಿಗೆ ಕೊಡುವ ಮನಸ್ಸಿತ್ತು. ಅತ್ತಿಗೆ ನೇರ ಅವರ ಕೋಣೆಗೆ ಹೋಗಿ, “ಸರ್, ನನ್ನ ತಮ್ಮ ಮಾಡ್ತಾನೆ. ಅವನ ಕೆಲಸಕ್ಕೆ ನಾನು ಜವಾಬ್ದಾರಿ” ಎಂದರಂತೆ. ತಮಗಾಗಿ ಒಂದು ಕುರ್ಚಿಯನ್ನೂ ಕೇಳಿದವರಲ್ಲ ಅವರು. ಇಷ್ಟು ವರ್ಷ ಆ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಗಳಿಸಿದ ಮಾತಿನ ತೂಕವನ್ನೆಲ್ಲ ಒಟ್ಟಿಗೆ ತೆಗೆದು ತಮ್ಮನ ಹೆಸರಿನ ಮೇಲೆ ಇಟ್ಟರು. ಮ್ಯಾನೇಜರು ಒಪ್ಪಿದರು.

ಸೈಟಿನಲ್ಲಿ ‘ನಮ್ಮವರು’ ಎಂಬ ಪುಟಕ್ಕೆ ಎಲ್ಲ ಸಿಬ್ಬಂದಿಯ ಫೋಟೋ ಬೇಕಿತ್ತು. ಫೋಟೋ ತೆಗೆಯುವ ದಿನ ನನಗೆ ಬೆಳ್ಳಂಬೆಳಗ್ಗೆ ಕ್ಲಾಸಿತ್ತು. ಅತ್ತಿಗೆಗೆ ಅದೇ ಬೇಸರ, ಏಕೆಂದರೆ ಹೊರಡುವ ಮುಂಚೆ ಅವರ ಉಡುಪು ನೋಡಿ ಸರಿ ಇದೆ ಎನ್ನುವುದು ನನ್ನ ಕೆಲಸ. ಅವತ್ತು ಅವರು ಬೀರುವಿನ ಕೆಳಗಿನಿಂದ ಹೊಸ ಸ್ವೆಟರ್ ತೆಗೆದು ತೊಟ್ಟು, ಇವರ ಮೇಜಿನ ಮುಂದೆ ನಿಂತು, “ಪುಟ್ಟ, ಸರಿ ಇದೀನಾ ನೋಡೋ” ಎಂದರಂತೆ. “ಸೂಪರ್ ಅಕ್ಕ” ಎಂದರಂತೆ ಇವರು. ಸಂಜೆ ಅತ್ತಿಗೆ ನನಗೆ ಅದನ್ನು ಹೇಳಿದ್ದು ಹೆಮ್ಮೆಯಿಂದ.

ಇನ್ನು ಇವರ ಘನಕಾರ್ಯಕ್ಕೆ ಬರುತ್ತೇನೆ. ಗೊಣಗಮ್ಮನಂಥ ದನಿ ಪುಟದಲ್ಲಿರುವ ಬರಹವನ್ನೆಲ್ಲ ಓದುತ್ತದೆ, ಆದರೆ ಚಿತ್ರ ಬಂದರೆ ಅದಕ್ಕೆ ಏನು ಹೇಳಬೇಕೆಂದು ತಿಳಿಯುವುದಿಲ್ಲ. ಅದಕ್ಕಾಗಿ ಸೈಟು ಕಟ್ಟುವವರು ಪ್ರತಿ ಚಿತ್ರದ ಬೆನ್ನಿಗೆ ಒಂದೆರಡು ಮಾತು ಬರೆದಿಡಬೇಕು. ಪುಟ ನೋಡುವವರ ಕಣ್ಣಿಗೆ ಆ ಮಾತು ಬೀಳುವುದಿಲ್ಲ. ಕೇಳುವವರ ಕಿವಿಗೆ ಮಾತ್ರ ಅದು. ಹಾಗೆ ಬರೆದಿದ್ದಾರೋ ಇಲ್ಲವೋ ಎಂದು ಹುಡುಕಿ ಅಂಕ ಕೊಡುವ ಒಂದು ಸಲಕರಣೆ ಇದೆ, ಇವರ ಪೆಟ್ಟಿಗೆಯ ಮೊದಲ ಸಾಲಿನಲ್ಲೇ. ಮಾತಿಲ್ಲದ ಚಿತ್ರ ಕಂಡರೆ ಕೆಂಪು ಗುರುತು, ಮಾತಿದ್ದರೆ ಹಸಿರು. ಏನು ಬರೆದಿದ್ದಾರೆ ಎಂದು ಆ ಸಲಕರಣೆ ಓದುವುದಿಲ್ಲ. ಏನೋ ಒಂದು ಬರೆದಿದ್ದರೆ ಸಾಕು.

‘ನಮ್ಮವರು’ ಪುಟದ ತುಂಬ ಕೆಂಪು. ಫೋಟೋ ತೆಗೆದ ಸ್ಟುಡಿಯೋದವರು ಹೆಸರನ್ನೂ ಹುದ್ದೆಯನ್ನೂ ಫೋಟೋದ ಮೇಲೇ ಅಚ್ಚು ಹಾಕಿ ಕೊಟ್ಟಿದ್ದರಿಂದ ಪುಟದಲ್ಲಿ ಬೇರೆ ಬರಹವೂ ಇರಲಿಲ್ಲ. ಇವರಿಗೆ ಬೇಜಾರು ಹಿಡಿಯಿತು. ಸದ್ಯಕ್ಕೆ ಏನಾದರೂ ತುಂಬೋಣ, ಆಮೇಲೆ ಬದಲಾಯಿಸಿದರಾಯಿತು ಅಂದುಕೊಂಡರು. ಈ ಕಸುಬಿನವರಿಗೆಲ್ಲ ಈ ಚಾಳಿ ಇದೆಯಂತೆ, ಖಾಲಿ ಜಾಗ ಕಂಡರೆ ಬಾಯಿಗೆ ಬಂದದ್ದು ತುಂಬುವುದು. ಮ್ಯಾನೇಜರ ಫೋಟೋಕ್ಕೆ ‘ಹರಳೆಣ್ಣೆ ಕುಡಿದ ಮುಖ’ ಎಂದು ಬರೆದರು. ಮೂಳೆ ಡಾಕ್ಟರಿಗೆ ‘ಈ ತಲೆ ಇದ್ದರೆ ಬಲ್ಬು ಬೇಡ’. ಪ್ರಯೋಗಾಲಯದಲ್ಲಿ ರಕ್ತ ತೆಗೆಯುವಾಕೆಗೆ ‘ಸೊಳ್ಳೆಗಳ ಮಹಾರಾಣಿ’. ಹೀಗೆ ಸಾಲು ಸಾಲು. ಪಕ್ಕದ ಮೇಜಿನವರು ನಕ್ಕರು. ನಗು ಬಿದ್ದಷ್ಟೂ ಇವರ ಕೈ ಚುರುಕಾಯಿತು. ಪುಟ ಪೂರ್ತಿ ಹಸಿರಾಯಿತು, ನೂರಕ್ಕೆ ನೂರು ಅಂಕ ಬಂತು. ಆಫೀಸಿನ ಮಾಲೀಕರು ಬೆನ್ನು ತಟ್ಟಿದರು. ಆ ಖುಷಿಯಲ್ಲಿ ಇವರು ಪೆಟ್ಟಿಗೆಯ ಟಿಪ್ಪಣಿಗೆ ಒಂದು ಸಾಲು ಸೇರಿಸಿದರು: ‘ಗುಟ್ಟು: ಚಿತ್ರದ ಮಾತಿನ ಜಾಗದಲ್ಲಿ ಏನು ಬರೆದರೂ ಹಸಿರು ಬರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.’

ಬದಲಾಯಿಸುವ ಆ ‘ಆಮೇಲೆ’ ಬರಲೇ ಇಲ್ಲ.

ಉದ್ಘಾಟನೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ನಡೆಯಿತು. ಮೇಜುಗಳನ್ನು ಗೋಡೆಗೆ ಸರಿಸಿ, ದೊಡ್ಡ ಪರದೆ ಇಳಿಬಿಟ್ಟಿದ್ದರು. ನೆಲ ಒರೆಸಿದ ಫಿನಾಯಿಲಿನ ವಾಸನೆ ಇನ್ನೂ ಇತ್ತು. ಬಿಳಿ ಕೋಟಿನವರು, ನೀಲಿ ಅಂಗಿಯವರು, ಎಲ್ಲರೂ ಕಾಫಿ ಲೋಟ ಹಿಡಿದು ಸೇರಿದ್ದರು. ಅತ್ತಿಗೆ ಮುಂದಿನ ಸಾಲಿನಲ್ಲಿ ರಕ್ತ ತೆಗೆಯುವಾಕೆಯ ಪಕ್ಕ ಕೂತಿದ್ದರು. ಆಕೆ ಅವರ ಜೀವದ ಗೆಳತಿ, ದಿನಾ ಮಧ್ಯಾಹ್ನ ಒಂದೇ ಮೇಜಿನಲ್ಲಿ ಉಣ್ಣುವವರು. ನಾನು ಹಿಂದೆ ನಿಂತಿದ್ದೆ. ನನಗೂ ಹೆಮ್ಮೆಯೇ. ಸುಳ್ಳೇಕೆ ಹೇಳಲಿ, ಇವರು ಇಸ್ತ್ರಿ ಅಂಗಿ ತೊಟ್ಟು ಮೈಕು ಹಿಡಿದಾಗ ಪಕ್ಕದವಳಿಗೆ “ನಮ್ಮ ಯಜಮಾನ್ರು” ಎಂದೆ.

ಇವರು ಮಾತಾಡಿದರು. ಪುಟ ಎಷ್ಟು ಬೇಗ ತೆರೆಯುತ್ತದೆ, ಸಣ್ಣ ಫೋನಿನಲ್ಲೂ ಹೇಗೆ ಚೆನ್ನಾಗಿ ಕಾಣುತ್ತದೆ, ಎಲ್ಲ ಹೇಳಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಚಪ್ಪಾಳೆಯ ರುಚಿ ಹತ್ತಿತ್ತಲ್ಲ. “ಇನ್ನೊಂದು ಮಾತು. ಕಣ್ಣು ಕಾಣದವರಿಗೂ ಈ ಸೈಟು ಅಷ್ಟೇ ಸಲೀಸು. ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದಿದೆ” ಎಂದುಬಿಟ್ಟರು.

ಮ್ಯಾನೇಜರು ಹಿಗ್ಗಿ, “ಹಂಗಾದ್ರೆ ನಮ್ಮ ಆಪರೇಟರ್ ಮೇಡಮ್ಮೇ ತೋರಿಸ್ಲಿ! ಎಲ್ರೂ ಕೇಳೋಣ” ಎಂದರು.

ನಾನು ಇವರ ಮುಖ ನೋಡುತ್ತಿದ್ದೆ. ಕಲಿಯುವವರು ಬ್ರೇಕು ಅಂದುಕೊಂಡು ಆಕ್ಸಿಲರೇಟರ್ ಒತ್ತಿದಾಗ ಮುಖ ಹೇಗಾಗುತ್ತದೆಂದು ನನಗೆ ಗೊತ್ತು. ಇವರದು ಹಾಗೇ ಆಯಿತು. “ಸರ್, ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ, ಆಮೇಲೆ...” ಎಂದು ಮುಂದೆ ಬಂದರು. ಅಷ್ಟರಲ್ಲಿ ಅತ್ತಿಗೆ ಫೋನು ತೆಗೆದಿದ್ದರು. “ನೆಟ್‌ವರ್ಕ್ ಚೆನ್ನಾಗೇ ಇದೆ ಪುಟ್ಟ. ತಡಿ, ನಾನೂ ನೋಡ್ತೀನಿ” ಎಂದು ನಕ್ಕು, ದನಿ ದೊಡ್ಡದು ಮಾಡಿದರು. ಮ್ಯಾನೇಜರು ಮೈಕನ್ನು ಫೋನಿಗೆ ಹಿಡಿದರು. ಪರದೆಯ ಮೇಲೆ ಅದೇ ಪುಟ, ಅದೇ ಸಾಲು.

ಗೊಣಗಮ್ಮ ಕ್ಯಾಂಟೀನು ತುಂಬ ಮೊಳಗಿದಳು. “ನಮ್ಮವರು. ಶೀರ್ಷಿಕೆ. ಚಿತ್ರ. ಹರಳೆಣ್ಣೆ ಕುಡಿದ ಮುಖ.”

ಯಾರೋ ಕಿಸಕ್ಕೆಂದರು. ಮ್ಯಾನೇಜರಿಗೆ ಅರ್ಥವಾಗಲಿಲ್ಲ, ನಗುತ್ತಲೇ ಇದ್ದರು. ಅತ್ತಿಗೆಯ ಬೆರಳು ಸವರಿತು. “ಚಿತ್ರ. ಈ ತಲೆ ಇದ್ದರೆ ಬಲ್ಬು ಬೇಡ.” ಪರದೆಯ ಮೇಲೆ ಎರಡನೆಯ ಫೋಟೋ ಮೂಳೆ ಡಾಕ್ಟರದು. ಅವರ ಕೈ ತಾನಾಗಿ ತಲೆಗೆ ಹೋಯಿತು. ಈಗ ನಗು ಜೋರಾಯಿತು, ಹಾಗೇ ತಟ್ಟನೆ ನಿಂತಿತು. ಬೆರಳು ಇನ್ನೊಮ್ಮೆ ಸವರಿತು. “ಚಿತ್ರ. ಸೊಳ್ಳೆಗಳ ಮಹಾರಾಣಿ.”

ಪಕ್ಕದಲ್ಲಿ ಕೂತ ಗೆಳತಿ ಮೊದಲು ನಕ್ಕಳು, ಆಮೇಲೆ ಪರದೆ ನೋಡಿದಳು. ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಭೂಮಿ ಬಾಯಿ ಬಿಡಬಾರದೇ ಎಂದು ಜನ ಅನ್ನುವುದನ್ನು ಕೇಳಿದ್ದೆ. ಅವತ್ತು ನಾನು ನಿಜವಾಗಿಯೂ ನೆಲ ನೋಡಿದೆ.

ಅತ್ತಿಗೆ ಬೆರಳು ಎತ್ತಿದರು. ಅವರ ಮುಖದಲ್ಲಿ ನಗು ಹಾಗೇ ಇತ್ತು, ಆದರೆ ಕಿವಿ ಕೆಂಪಾಗಿತ್ತು. “ಅಯ್ಯೋ, ಈ ಹಾಳು ಫೋನು!” ಎಂದರು. “ಯಾವುದೋ ತಮಾಷೆ ಗುಂಪಿನ ಮೆಸೇಜನ್ನ ನಡುವೆ ಓದ್ಬಿಡುತ್ತೆ ಸರ್. ಹಳೇದಾಗಿದೆ. ಸೈಟಿಂದಲ್ಲ ಅದು. ಸೈಟು ಚೆನ್ನಾಗಿದೆ.”

ಸುಳ್ಳು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನನ್ನ ಗಂಡ ಇಂಗು ತಿಂದ ಮಂಗನ ಹಾಗೆ ಪರದೆಯ ಪಕ್ಕ ನಿಂತಿದ್ದರು. ಇಲ್ಲ, ಅದು ನನ್ನದು, ನಾನೇ ಬರೆದದ್ದು ಎನ್ನಲು ಆ ಒಂದು ಗಳಿಗೆ ಸಾಕಿತ್ತು. ಮೈಕು ಎದುರಿಗೇ ಇತ್ತು. ಇವರು ಬಾಯಿ ತೆರೆಯಲಿಲ್ಲ. ಬರೆದ ತಪ್ಪಿಗಿಂತ ಈ ಮೌನವೇ ದೊಡ್ಡ ತಪ್ಪು ಎಂದು ನಾನು ಇವತ್ತಿಗೂ ಹೇಳುತ್ತೇನೆ, ಇವರೆದುರಿಗೇ ಹೇಳುತ್ತೇನೆ.

ಎಲ್ಲ ಮುಗಿದು ನಾನು ಕಾರು ತರುವವರೆಗೆ ಅತ್ತಿಗೆ ಗೇಟಿನ ಬಳಿ ನಿಂತು, ಇಯರ್‌ಫೋನು ಸಿಕ್ಕಿಸಿಕೊಂಡು ಏನೋ ಕೇಳುತ್ತಿದ್ದರು. ಕಾರಿನಲ್ಲಿ ಎಂದಿನಂತೆ ನನ್ನ ಪಕ್ಕದ ಸೀಟಿನಲ್ಲಿ ಕೂತರು, ಎರಡನೇ ಬ್ರೇಕಿನ ಜಾಗದಲ್ಲಿ. ಬೇರೆ ದಿನವಾಗಿದ್ದರೆ ಅದನ್ನು ಕಾಲಲ್ಲಿ ತಡವಿ, “ಇವತ್ತು ನಾನೇ ಮೇಷ್ಟ್ರು” ಎಂದು ತಮಾಷೆ ಮಾಡುತ್ತಿದ್ದರು. ಅವತ್ತು ಕಾಲನ್ನು ಹಿಂದಕ್ಕೆ ಎಳೆದುಕೊಂಡು ಕೂತಿದ್ದರು. ನನ್ನ ಗಂಡ ಹಿಂದಿನ ಸೀಟಿನಲ್ಲಿ ಮುದುಡಿಕೊಂಡಿದ್ದರು.

ಸಿಗ್ನಲ್ ದಾಟಿದ ಮೇಲೆ ಇವರೇ, “ಅಕ್ಕ, ಬೈಯಿ. ಎರಡು ಬಾರಿಸು. ಸುಮ್ನೆ ಇರಬೇಡ” ಎಂದರು.

“ಬೈಯೋಕೆ ಇನ್ನೇನಿದೆ?” ಎಂದರು ಅತ್ತಿಗೆ. ಸ್ವಲ್ಪ ದೂರ ಹೋದ ಮೇಲೆ ಕೇಳಿದರು. “ಪುಟ್ಟ, ನನ್ನ ಫೋಟೋ ಹಾಕಿಲ್ವಾ?”

“ಹಾಕಿದೀನಿ ಅಕ್ಕ. ಎರಡನೇ ಸಾಲಲ್ಲಿ ಇದೆ.”

“ಈಗ ಪೂರ್ತಿ ಪುಟ ಕೇಳ್ದೆ. ಎಲ್ರಿಗೂ ಒಂದೊಂದು ಬೈಗುಳ ಇದೆ. ಕಸ ಗುಡಿಸೋರಿಗೂ ಇದೆ. ನಂಗೆ ಮಾತ್ರ ಏನೂ ಇಲ್ಲ.”

ನಾನು ಕನ್ನಡಿಯಲ್ಲಿ ನೋಡಿದೆ. “ಹೇಳ್ರೀ” ಎಂದೆ.

“ನಿನ್ನ ಮೇಲೆ ತಮಾಷೆ ಬರೆಯೋಕೆ ಮನಸ್ಸು ಬರ್ಲಿಲ್ಲ ಅಕ್ಕ” ಎಂದರು ಇವರು. “ಅದಕ್ಕೆ ಅಲಂಕಾರದ ಚಿತ್ರ ಅಂತ ಗುರುತು ಹಾಕ್ದೆ. ಪುಟದ ಅಂಚಿಗೆ ಬಳ್ಳಿ, ಹೂವು ಹಾಕ್ತೀವಲ್ಲ, ಅದಕ್ಕೆ ಹಾಕೋ ಗುರುತು. ಅದಕ್ಕೂ ಹಸಿರೇ ಬರುತ್ತೆ.”

“ಹಾಗೆ ಗುರುತು ಹಾಕಿದ್ರೆ ಗೊಣಗಮ್ಮ ಏನು ಮಾಡ್ತಾಳೆ?”

“ದಾಟಿ ಹೋಗ್ತಾಳೆ.”

ಅತ್ತಿಗೆ ಹೂಂ ಎಂದರು, ಅಷ್ಟೇ. ಮನೆ ಬರುವ ತನಕ ಕಿಟಕಿಯ ಗಾಜಿಗೆ ಮುಖ ಮಾಡಿ ಕೂತಿದ್ದರು. ನನಗೆ ಅಳು ಬಂತು. ಅಳುತ್ತಾ ಕಾರು ಓಡಿಸಬಾರದು ಎಂದು ಊರಿಗೆಲ್ಲ ಕಲಿಸುವವಳು, ಮೂಗೊರೆಸಿಕೊಳ್ಳುತ್ತಾ ಓಡಿಸಿದೆ.

ಆ ಸಂಜೆಯೇ ಇವರು ಕುಚೋದ್ಯವನ್ನೆಲ್ಲ ಅಳಿಸಿ, ಪ್ರತಿ ಫೋಟೋದ ಬೆನ್ನಿಗೂ ಹೆಸರು ಹುದ್ದೆ ಬರೆದರು, ಅಕ್ಕನದಕ್ಕೂ ಬರೆದರು. ಅಲ್ಲಿಗೆ ಕೈ ತೊಳೆದುಕೊಂಡೆ ಅಂದುಕೊಂಡರೋ ಏನೋ. ಆದರೆ ಅತ್ತಿಗೆಯ ಸುಳ್ಳು ಆಸ್ಪತ್ರೆಯಲ್ಲಿ ಹಾಗೇ ಉಳಿದಿತ್ತು, ಅದು ತನ್ನ ಕೆಲಸ ಶುರು ಮಾಡಿತು. ಮ್ಯಾನೇಜರು ಅದನ್ನು ನಂಬಿದ್ದರು. “ಆ ಕೆಟ್ಟ ಫೋನು ಬೋರ್ಡಿನ ಹತ್ರ ತರಬೇಡಿ ಮೇಡಮ್, ಪೇಷೆಂಟ್ ಕಡೆಯೋರ ಮುಂದೆ ಏನಾದ್ರೂ ಒದರಿಬಿಟ್ರೆ ಆಸ್ಪತ್ರೆ ಮರ್ಯಾದೆ ಏನಾಗ್ಬೇಕು?” ಎಂದರು. ಫೋನು ಚೀಲದೊಳಗೆ ಹೋಯಿತು. ಡ್ಯೂಟಿ ಬದಲಾದ ಸಂದೇಶ ಓದಿ ಹೇಳುವವರಿಲ್ಲ. ಗೆಳತಿಯನ್ನು ಕೇಳೋಣವೆಂದರೆ ಆಕೆ ಬೇರೆ ಮೇಜಿನಲ್ಲಿ ಉಣ್ಣಲು ಶುರು ಮಾಡಿದ್ದಳು. ರಜೆಯಲ್ಲಿದ್ದ ಡಾಕ್ಟರ ಕೋಣೆಗೆ ತುರ್ತಿನ ಕರೆ ಕಳಿಸಿ, ಅಲ್ಲಿ ಯಾರೂ ಎತ್ತದೆ, ಅತ್ತಿಗೆ ಬೈಸಿಕೊಂಡರು. ಅದಕ್ಕೆ ಮೊದಲು ಅವರು ಎಂದಾದರೂ ತಪ್ಪು ಕೋಣೆಗೆ ಕರೆ ಕಳಿಸಿದ್ದು ಅಲ್ಲಿ ಯಾರಿಗೂ ನೆನಪಿರಲಿಲ್ಲ. ಮನೆಗೆ ಬಂದು ಊಟ ಬೇಡವೆಂದು ಮಲಗಿದರು.

ಇವರಿಗೆ ಇದೆಲ್ಲ ಗೊತ್ತಿತ್ತು. “ನಾಳೆ ಹೋಗಿ ಹೇಳ್ತೀನಿ” ಅನ್ನುತ್ತಿದ್ದರು. ಮರುದಿನ ಇನ್ನೊಂದು ನಾಳೆ. ನಿಜ ಹೇಳಿದರೆ ಅಕ್ಕನ ಸುಳ್ಳೂ ಬಯಲಾಗುತ್ತದಲ್ಲ ಎಂಬ ನೆಪ ಬೇರೆ. ಒಂದು ಬೆಳಿಗ್ಗೆ ನನಗೆ ರೇಗಿಹೋಯಿತು. “ಕಣ್ಣಿದ್ದೂ...” ಎಂದು ಶುರು ಮಾಡಿ ನಾಲಿಗೆ ಕಚ್ಚಿಕೊಂಡೆ. ನಮ್ಮ ಮನೆಯಲ್ಲಿ ಕೆಲವು ಗಾದೆಗಳನ್ನು ಪೂರ್ತಿ ಮಾಡುವಂತಿಲ್ಲ. ಒಳಗಿನ ಕೋಣೆಯಿಂದ ಅತ್ತಿಗೆಯೇ, “ಪೂರ್ತಿ ಹೇಳಮ್ಮ, ಅವನಿಗೆ ಅದೇ ಸರಿ” ಎಂದರು.

ಇವರು ಎದ್ದು ಅಂಗಿ ಹಾಕಿಕೊಂಡರು.

ನಾನೇ ಕರೆದುಕೊಂಡು ಹೋದೆ. ಮ್ಯಾನೇಜರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ನಾನು ಹೊರಗಿನ ಬೆಂಚಿನ ಮೇಲೆ ಕೂತೆ. “ಆ ಮಾತು ನಾನೇ ಬರೆದದ್ದು ಸರ್. ಅಕ್ಕನ ಫೋನು ಸರಿಯಾಗೇ ಇದೆ. ನನ್ನ ಮಾನ ಉಳಿಸೋಕೆ ಅವಳು ಹಾಗಂದ್ಲು” ಎಂದ ಇವರ ದನಿ ಕೇಳಿಸಿತು. ಮ್ಯಾನೇಜರು ಕೂಗಾಡಲಿಲ್ಲ. “ನಿಮ್ಮ ಅಕ್ಕ ಈ ಕೋಣೆಗೆ ಬಂದು ನಿಮ್ಮ ಜವಾಬ್ದಾರಿ ಹೊತ್ಕೊಂಡಿದ್ರು ಕಣ್ರೀ” ಎಂದರು. “ಅವರು ಫೋನು ಇಟ್ಕೊಳ್ಲಿ. ನೀವು ಮಾತ್ರ ಇನ್ಮೇಲೆ ನಮ್ಮ ಕೆಲಸಕ್ಕೆ ಬರಬೇಡಿ.” ಕೂಗಾಡಿದ್ದರೆ ಎಷ್ಟೋ ಸುಲಭವಾಗಿತ್ತು ಎಂದು ಇವರು ಆಮೇಲೆ ಹೇಳಿದರು.

ಪ್ರಯೋಗಾಲಯಕ್ಕೂ ಹೋದರು. ರಕ್ತ ತೆಗೆಯುವಾಕೆ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದಳು, ತಲೆ ಎತ್ತಲಿಲ್ಲ. “ನಿಂಗೆ ಜ್ವರ ಬಂದು ಮಲಗಿದ್ದಾಗ, ಸೂಜಿ ಕಂಡ್ರೆ ಭಯ ಅಂತ ಅತ್ತಿದ್ದೆ. ಕೈ ಹಿಡ್ಕೊಂಡು ಕತೆ ಹೇಳ್ತಾ ರಕ್ತ ತೆಗೆದವಳು ನಾನು ಕಣಪ್ಪ” ಎಂದಳು. “ನೆನಪಿದೆಯೋ ಇಲ್ವೋ.” ನೆನಪಿತ್ತು. ನನ್ನ ಗಂಡ ಅಲ್ಲಿಂದ ಹೊರಬಂದಾಗ ನನ್ನ ಮುಖ ನೋಡಲಿಲ್ಲ, ಲಿಫ್ಟಿನ ಕನ್ನಡಿಗೂ ಬೆನ್ನು ಮಾಡಿ ನಿಂತರು.

ಮನೆಗೆ ಬಂದವರೇ ಸಲಕರಣೆ ಪೆಟ್ಟಿಗೆ ತೆರೆದರು. ಆ ಗುಟ್ಟಿನ ಸಾಲಿನ ಕೆಳಗೆ ಎಷ್ಟೋ ಜನ ಬರೆದಿದ್ದರು: ‘ಥ್ಯಾಂಕ್ಯೂ ಗುರುಗಳೇ, ನಮ್ಮ ಸೈಟಿಗೂ ಹಾಗೇ ಮಾಡಿದೆವು, ಪೂರ್ತಿ ಹಸಿರು!’ ತಾನು ಕೆಟ್ಟ ಕೋತಿ ವನವೆಲ್ಲ ಕೆಡಿಸಿತು. ಎಲ್ಲೆಲ್ಲಿಯ ಯಾವ ಯಾವ ಪುಟಗಳಲ್ಲಿ ಏನೇನು ಕಸ ಯಾರ ಯಾರ ಕಿವಿಗೆ ಬೀಳುತ್ತಿದೆಯೋ, ಲೆಕ್ಕ ಇಟ್ಟವರಾರು? ಇವರು ಆ ಸಾಲು ಅಳಿಸಿ, ಅಲ್ಲಿ ತಾವು ಮಾಡಿದ್ದನ್ನು ಇದ್ದದ್ದಿದ್ದ ಹಾಗೆ ಬರೆದರು. ಥ್ಯಾಂಕ್ಯೂ ಹೇಳಿದ ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು, ಬದಲಾಯಿಸಿ ಎಂದು ಕೇಳಿಕೊಂಡರು. ಕೆಲವರು ಉತ್ತರಿಸಿದರು. ಒಬ್ಬ ‘ಇಷ್ಟಕ್ಕೆಲ್ಲ ಅಳುವುದೇ ಗುರುಗಳೇ’ ಎಂದು ನಗುವ ಮುಖ ಹಾಕಿದ. ಇವರು ಅದನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದರು.

ಅತ್ತಿಗೆ ಕೆಲಸದಿಂದ ಬಂದರು. ಫೋನು ಕೈಯಲ್ಲೇ ಇತ್ತು. ಗೆಳತಿ ಇನ್ನೂ ಬೇರೆ ಮೇಜಿನಲ್ಲೇ ಇದ್ದಾಳೆ, ಆದರೆ ಇವತ್ತು ಉಪ್ಪಿನ ಡಬ್ಬಿ ದಾಟಿಸಿದಳು ಎಂದರು. ಚಪ್ಪಲಿ ಬಿಟ್ಟು, ಗೋಡೆ ಹಿಡಿದು ಬಂದು, ಇವರ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತರು.

“ಈಗ ಪುಟ ಮತ್ತೆ ಕೇಳ್ದೆ. ನಂದಕ್ಕೆ ಹೆಸರು, ಆಪರೇಟರ್ ಅಂತ ಬರೆದಿದೀಯ.”

“ಹೌದಕ್ಕ.”

“ನನ್ನ ಹೆಸರು ನಂಗೂ ಗೊತ್ತು ಕಣೋ. ಫೋಟೋದಲ್ಲಿ ಹೇಗಿದೀನಿ? ಅದನ್ನ ಬರಿ. ನನ್ನ ಮುಖ ನಾನು ನೋಡಿ ಎಷ್ಟು ಕಾಲ ಆಯ್ತು.”

ಇವರು ಅಕ್ಕನ ಫೋಟೋ ತೆರೆದು ಪರದೆ ತುಂಬ ದೊಡ್ಡದು ಮಾಡಿದರು. ಆ ಫೋಟೋವನ್ನು ಇವರು ಮೊದಲು ಕತ್ತರಿಸಿದ್ದರು, ಹಿಂಡಿ ಹಗುರ ಮಾಡಿದ್ದರು, ಬಣ್ಣ ತಿಳಿ ಮಾಡಿದ್ದರು. ಯಾವ ಸಲಕರಣೆಯಿಂದ ಏನು ಮಾಡಿದೆನೆಂದು ಈಗಲೂ ಹೇಳಬಲ್ಲರು. ಈಗ ಬರಿಗೈಯಲ್ಲಿ ಕೂತು ನೋಡಿದರು. ನೋಡುತ್ತಾ ನೋಡುತ್ತಾ ಅವರ ಕತ್ತು ಕೆಳಗಾಯಿತು. ನಾನು ಹಿಂದಿನಿಂದ ಬಗ್ಗಿ ನೋಡಿದೆ, ನನಗೂ ಕಂಡಿತು.

“ಹೇಳೋ” ಎಂದರು ಅತ್ತಿಗೆ.

“ತಲೆ ಬಾಚಿ ಹಿಂದಕ್ಕೆ ಕಟ್ಟಿದೀಯ. ಕಿವಿ ಮೇಲೆ ಬೆಳ್ಳಗಾಗಿದೆ. ಹಣೆ ಅಗಲ, ಅಮ್ಮನ ಥರ. ನಗ್ತಿದೀಯ. ಮುಖ ಕ್ಯಾಮೆರಾ ಕಡೆ ಇಲ್ಲ, ಸ್ವಲ್ಪ ಎಡಕ್ಕಿದೆ.”

“ಫೋಟೋದವನು ಅಲ್ಲಿಂದ ಮಾತಾಡ್ತಿದ್ದ.”

“ಹಸಿರು ಸ್ವೆಟರು.”

“ಹೊಸದು. ಮುಂದೆ ಹೇಳು.”

“ಅಕ್ಕ, ಸ್ವೆಟರಿನ ಗುಂಡಿ ತಪ್ಪಿದೆ. ಮೊದಲ ಗುಂಡಿಯನ್ನ ಎರಡನೇ ತೂತಿಗೆ ಹಾಕಿದೀಯ. ಕೆಳಗಿನ ತನಕ ಹಾಗೇ ಹೋಗಿದೆ. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ.”

ಅತ್ತಿಗೆಯ ಕೈ ತಾನಾಗಿ ಎದೆಗೆ ಹೋಯಿತು. ಈಗ ತೊಟ್ಟಿದ್ದ ಸ್ವೆಟರಿನ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಮುಟ್ಟುತ್ತಾ ಕೆಳಗಿನವರೆಗೆ ಬಂದರು. ಎಲ್ಲ ಸರಿಯಾಗಿತ್ತು, ಬೆಳಿಗ್ಗೆ ನಾನೇ ನೋಡಿದ್ದೆ.

“ಆವತ್ತು ನಿನ್ನ ಕೇಳಿದ್ನಲ್ಲೋ ಪುಟ್ಟ” ಎಂದರು.

“ಕೇಳಿದ್ದೆ. ನಾನು ನೋಡ್ಲಿಲ್ಲ ಅಕ್ಕ. ನೋಡದೇ ಹೇಳ್ದೆ.”

ಅಡಿಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಇವರು ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಆ ಅಳುವಿಗೆ ನಾನು ಸಮಾಧಾನ ಹೇಳಲಿಲ್ಲ, ಅತ್ತಿಗೆಯೂ ಹೇಳಲಿಲ್ಲ. ಅದು ನಿಲ್ಲುವವರೆಗೆ ಅವರು ಕೈ ಮಡಿಲಲ್ಲಿಟ್ಟು ಕಾದರು.

“ಬೇರೆ ಫೋಟೋ ತೆಗೆಸಿ ಹಾಕಿಸ್ತೀನಿ ಅಕ್ಕ. ಮ್ಯಾನೇಜರ್ ಕಾಲು ಹಿಡೀತೀನಿ.”

“ಬೇಡ. ಜನ ಎಲ್ಲ ನೋಡಿ ಆಗಿದೆ. ನನ್ನೊಬ್ಬಳಿಗೇ ಗೊತ್ತಿರಲಿಲ್ಲ” ಎಂದರು ಅತ್ತಿಗೆ. ಕೈ ಚಾಚಿ ಮೇಜನ್ನು ತಡವಿ, ಕೀಬೋರ್ಡನ್ನು ಇವರ ಕಡೆಗೆ ತಳ್ಳಿದರು. “ಗುಂಡಿ ತಪ್ಪಿದ್ದನ್ನೂ ಬರಿ. ಬರೆದು, ನಂಗೆ ಓದಿ ಹೇಳು.”

ಇವರು ಕಣ್ಣೊರೆಸಿಕೊಂಡು ಬರೆಯಲು ಕೂತರು. ಅತ್ತಿಗೆ ಪಕ್ಕದಿಂದ ಏಳಲಿಲ್ಲ.